ಹೆಣದಕ್ಕನ ಸೋಯಾ ತಾಲೀಮು

ನಾಟಕದಲ್ಲಿ ಹೆಣವಾಗುವುದು ಸುಲಭ ಎಂದು ಯಾರಾದರೂ ಹೇಳಿದರೆ ಅವರು ಒಮ್ಮೆಯೂ ಸ್ಟೇಜಿನ ಮೇಲೆ ಸತ್ತಿಲ್ಲ ಎಂದೇ ಅರ್ಥ. ಮೂಗಿನ ಮೇಲೆ ನೊಣ ಕೂತರೆ ಓಡಿಸುವಂತಿಲ್ಲ. ಸೀನು ಬಂದರೆ ನುಂಗಿಕೊಳ್ಳಬೇಕು. ಉಸಿರನ್ನು ಎದೆಗೂ ಹೊಟ್ಟೆಗೂ ಸುಳಿವು ಕೊಡದೆ ಕಳ್ಳತನದಿಂದ ಎಳೆದುಕೊಳ್ಳಬೇಕು. ಈ ವಿದ್ಯೆಯಲ್ಲಿ ಹೆಣದಕ್ಕನನ್ನು ಮೀರಿಸುವವರು ಸುತ್ತಮುತ್ತ ಯಾವ ನಾಟಕ ಕಂಪನಿಯಲ್ಲೂ ಇರಲಿಲ್ಲ.

ಅವಳಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಸಂಬಳಕ್ಕೆ ಸಹಿ ಹಾಕುವಾಗ ಬಿಟ್ಟರೆ ಅದು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಇಪ್ಪತ್ತರಲ್ಲಿ ನಾಯಕಿಯಾಗಿದ್ದಳು, ಮೂವತ್ತರಲ್ಲಿ ನಾಯಕಿಯ ಅಕ್ಕನಾದಳು, ನಲವತ್ತರಲ್ಲಿ ತನಗಿಂತ ಎರಡೇ ವರ್ಷ ಚಿಕ್ಕವಳಾದ ನಾಯಕಿಗೆ ತಾಯಿಯಾದಳು. ಐವತ್ತು ದಾಟಿದ ಮೇಲೆ ನಿರ್ದೇಶಕ ಅವಳನ್ನು ಕರೆದು, "ಅಕ್ಕ, ಈ ಸಲ ನಿಮಗೆ ತುಂಬ ಮುಖ್ಯವಾದ ಪಾತ್ರ, ಇಡೀ ನಾಟಕ ನಿಮ್ಮ ಸುತ್ತಾನೇ ತಿರುಗುತ್ತೆ" ಎಂದ. ಮಾತು ಸುಳ್ಳಲ್ಲ. ಅದೊಂದು ಪತ್ತೇದಾರಿ ನಾಟಕ. ಎರಡನೇ ಅಂಕದ ಪರದೆ ಏಳುವಾಗ ಶ್ರೀಮಂತ ಹೆಂಗಸೊಬ್ಬಳು ತನ್ನ ಮನೆಯ ಸೋಫಾ ಮೇಲೆ ಸತ್ತು ಬಿದ್ದಿರುತ್ತಾಳೆ. ಅಂಕ ಮುಗಿಯುವವರೆಗೂ ಉಳಿದವರೆಲ್ಲ ಅವಳ ಸುತ್ತ ತಿರುಗುತ್ತಾರೆ, ಕೂಗುತ್ತಾರೆ, ಒಬ್ಬರ ಮೇಲೊಬ್ಬರು ಗೂಬೆ ಕೂರಿಸುತ್ತಾರೆ. ಅವಳಿಗೆ ಒಂದೇ ಒಂದು ಮಾತಿಲ್ಲ.

ಮಾತಿಲ್ಲದಿದ್ದರೇನು, ಸ್ಟೇಜ್ ಇದೆಯಲ್ಲ ಎಂದು ಹೆಣದಕ್ಕ ಸಮಾಧಾನ ಮಾಡಿಕೊಂಡಿದ್ದಳು. ಪರದೆ ಏಳುವಾಗ ಮುಖಕ್ಕೆ ಬಂದು ತಾಗುವ ಆ ಗಾಳಿ, ಕತ್ತಲಲ್ಲಿ ಕೂತ ಜನರ ಕೆಮ್ಮು, ಇವೆರಡು ಸಿಕ್ಕರೆ ಅವಳಿಗೆ ಸಾಕು. ಹೆಣಕ್ಕಿಂತ ಕೆಳಗಿನ ಪಾತ್ರ ಯಾವ ನಾಟಕದಲ್ಲೂ ಇಲ್ಲ, ಇದೂ ಹೋದರೆ ತಾನು ಮನೆಗೆ ಹೋಗಿ ಪಾತ್ರೆ ತಿಕ್ಕುವುದೊಂದೇ ಬಾಕಿ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ವರ್ಷ ಚೆನ್ನಾಗಿಯೇ ಸತ್ತಳು. ಆಮೇಲೆ ಝಳ ಶುರುವಾಯಿತು. ಮುಟ್ಟು ನಿಂತ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಕಾರಣವಿಲ್ಲದೆ ಎದೆಯಲ್ಲಿ ಯಾರೋ ಒಲೆ ಹಚ್ಚುತ್ತಾರೆ. ಬಿಸಿ ಕುತ್ತಿಗೆಗೆ ಏರಿ, ಕಿವಿ ಹಿಡಿದು, ನೆತ್ತಿಗೆ ಹೋಗುತ್ತದೆ. ಅಲ್ಲಿಂದ ಬೆವರು ಇಳಿಯುತ್ತದೆ. ಮನೆಯಲ್ಲಾದರೆ ಕಿಟಕಿ ತೆಗೆದು ಬೀಸಣಿಗೆ ಹಿಡಿಯಬಹುದು. ಹೆಣ ಬೀಸಣಿಗೆ ಹಿಡಿಯುವಂತಿಲ್ಲ.

ಒಂದು ಸಂಜೆ ಇನ್ಸ್‌ಪೆಕ್ಟರ್ ಪಾತ್ರದವನು ಟೋಪಿ ತೆಗೆದು, "ಅಯ್ಯೋ, ಈ ದೇಹ ಮಂಜಿನಂತೆ ತಣ್ಣಗಾಗಿದೆ!" ಎನ್ನುವ ಹೊತ್ತಿಗೆ ಸರಿಯಾಗಿ ಹೆಣದ ಹಣೆಯಿಂದ ಒಂದು ಹನಿ ಹೊರಟು, ಮುಖಕ್ಕೆ ಬಳಿದ ಬಿಳಿ ಪೌಡರಿನಲ್ಲಿ ದಾರಿ ಮಾಡಿಕೊಂಡು ಗಲ್ಲದವರೆಗೂ ಬಂತು. ಮುಂದಿನ ಸಾಲಿನಲ್ಲಿದ್ದವರೊಬ್ಬರು ಪಕ್ಕದವರಿಗೆ, "ನೋಡ್ರೀ, ಹೆಣ ಬೆವರ್ತಿದೆ" ಎಂದರು. ಪಿಸುಮಾತು ಹಿಂದಿನ ಸಾಲಿಗೂ ತಲುಪಿತು.

ಅಂಕ ಮುಗಿದ ಕೂಡಲೇ ನಿರ್ದೇಶಕ ಬಣ್ಣದ ಕೋಣೆಗೆ ನುಗ್ಗಿದ.

"ಏನಕ್ಕ ಇದು? ಸತ್ತವರು ಬೆವರ್ತಾರಾ?"

"ನಾನೇನು ಬೇಕೂಂತ ಬೆವರ್ತೀನಾ? ವಯಸ್ಸು ಕಣಪ್ಪ. ಮೇಲಿನ ದೀಪ ಬೇರೆ ಸುಡುತ್ತೆ."

ದೀಪ ಬಿಡುತ್ತಿದ್ದವನು ಅವಳ ಗಂಡನೇ. ಅವನು ಬಾಗಿಲಲ್ಲಿ ನಿಂತು, "ಹೆಣ ಹೊಳೀಬೇಕು ಅಂತ ನೀವೇ ಅಂದಿದ್ದು ಸಾರ್" ಎಂದು ಗೊಣಗಿದ. ನಿರ್ದೇಶಕ ಅವನ ಕಡೆ ತಿರುಗಿಯೂ ನೋಡಲಿಲ್ಲ.

"ನೋಡಿ ಅಕ್ಕ, ನಾನು ನಿಷ್ಠುರವಾಗಿ ಹೇಳ್ತೀನಿ. ಇದು ನಿಲ್ಲದಿದ್ರೆ ಬಟ್ಟೇಲಿ ಒಂದು ಹೆಣ ಹೊಲಿಸ್ತೀನಿ. ಅದು ಬೆವರೋದೂ ಇಲ್ಲ, ಸಂಬಳ ಕೇಳೋದೂ ಇಲ್ಲ."

ಅವನು ಹೋದ ಮೇಲೆ ಹೆಣದಕ್ಕ ಕನ್ನಡಿಯ ಮುಂದೆ ಕೂತು ಅತ್ತಳು. ಇದ್ದಬದ್ದ ಪೌಡರೂ ಹೋಯಿತು. ಅವಳ ನಾದಿನಿ, ಎಂದರೆ ಗಂಡನ ತಂಗಿ, ಆ ಕಂಪನಿಯಲ್ಲಿ ಬಣ್ಣ ಹಚ್ಚುವವಳು, ವಿಗ್ ಕಟ್ಟುವವಳು, ಹರಿದದ್ದನ್ನು ಹೊಲಿಯುವವಳು. ಯಾರಿಗೆ ಯಾವ ಕಾಯಿಲೆ ಬಂದರೂ ಅದರ ಮದ್ದು ತನಗೆ ಗೊತ್ತು ಎಂದು ನಂಬಿದವಳು. ಅವಳೇ ಮಾರನೆಯ ಬೆಳಿಗ್ಗೆ ಅತ್ತಿಗೆಯನ್ನು ಎಳೆದುಕೊಂಡು ಹೆಂಗಸರ ಡಾಕ್ಟರ ಹತ್ತಿರ ಹೋದಳು.

ಡಾಕ್ಟರಮ್ಮ ತಾಳ್ಮೆಯವರು. ಎಲ್ಲ ಕೇಳಿ, ಪರೀಕ್ಷೆ ಮಾಡಿ, "ಈಸ್ಟ್ರೋಜನ್ ಅನ್ನೋ ಹಾರ್ಮೋನ್ ನಿಮ್ಮ ಮೈಯಲ್ಲಿ ಈಗ ಕಡಿಮೆ ಆಗಿದೆ. ಅದಕ್ಕೇ ಮೈಯ ಬಿಸಿ ನೋಡ್ಕೊಳ್ಳೋ ವ್ಯವಸ್ಥೆಗೆ ಗಲಿಬಿಲಿ" ಎಂದರು.

"ಅಂದ್ರೆ ನಾಯಕಿ ಕಂಪನಿ ಬಿಟ್ಟು ಹೋದ್ಲು" ಎಂದಳು ಹೆಣದಕ್ಕ.

ಡಾಕ್ಟರಮ್ಮ ನಕ್ಕರು. "ಹಾಗೇ ಅಂದ್ಕೊಳ್ಳಿ. ಮಾತ್ರೆಗಳೂ ಇವೆ, ಬೇಕಾದ್ರೆ ಕೊಡ್ತೀನಿ. ಮೊದಲು ಊಟದಲ್ಲೇ ನೋಡೋಣ ಅಂದ್ರೆ ಸೋಯಾ ಕಾಳು ತಿನ್ನಿ. ಅದರಲ್ಲಿ ಐಸೊಫ್ಲೇವೋನ್ ಅಂತ ಒಂದು ವಸ್ತು ಇದೆ. ರೂಪದಲ್ಲಿ ಸ್ವಲ್ಪ ಈಸ್ಟ್ರೋಜನ್ ಥರಾನೇ. ಅದರ ಜಾಗದಲ್ಲಿ ಕೂತು ಅದರ ಕೆಲಸಾನ ಸ್ವಲ್ಪ ಮಟ್ಟಿಗೆ ಮಾಡುತ್ತೆ."

"ಬದಲಿ ನಟಿ!" ಎಂದು ನಾದಿನಿ ಕುರ್ಚಿಯಿಂದ ಎದ್ದೇಬಿಟ್ಟಳು.

"ಹೌದು, ಆದ್ರೆ ದನಿ ತೀರಾ ಸಣ್ಣದು. ಕೆಲವರಿಗೆ ಝಳ ಕಡಿಮೆ ಆಗುತ್ತೆ, ಕೆಲವರಿಗೆ ಏನೇನೂ ಆಗಲ್ಲ. ಕರುಳಲ್ಲಿರೋ ಕೆಲವು ಸೂಕ್ಷ್ಮಜೀವಿಗಳು ಆ ವಸ್ತೂನ ಇನ್ನೂ ಚುರುಕಾದ ರೂಪಕ್ಕೆ ಬದಲಾಯಿಸ್ತವೆ. ಆ ಜೀವಿಗಳು ಎಲ್ಲರ ಹೊಟ್ಟೇಲೂ ಇರಲ್ಲ."

"ದೇವರು ವರ ಕೊಟ್ರೂ ಪೂಜಾರಿ ಕೊಡಬೇಕಲ್ಲ" ಎಂದು ಹೆಣದಕ್ಕ ನಿಟ್ಟುಸಿರು ಬಿಟ್ಟಳು.

"ಸರಿಯಾಗಿ ಹೇಳಿದ್ರಿ. ಕಾಳು ಹೇಗೂ ಒಳ್ಳೆಯದೇ. ಪ್ರೋಟೀನ್ ಇದೆ, ರಕ್ತದಲ್ಲಿರೋ ಕೆಟ್ಟ ಕೊಬ್ಬೂ ಸ್ವಲ್ಪ ಇಳೀಬಹುದು. ದಿನಕ್ಕೊಂದು ಬಟ್ಟಲು ಸಾಕು. ಎರಡು ಮೂರು ತಿಂಗಳು ಕಾಯಬೇಕು. ಅತಿ ಮಾಡಬೇಡಿ."

ಕೊನೆಯ ಮಾತು ನಾದಿನಿಗೆ ಕೇಳಲೇ ಇಲ್ಲ. ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು. ಬಸ್ಸಿನಲ್ಲಿ ಕೂತು ಅವಳು ಮಾಡಿದ ಲೆಕ್ಕಾಚಾರ ನಾಟಕದವರು ಮಾತ್ರ ಮಾಡಬಹುದಾದದ್ದು.

"ನೋಡಿ ಅತ್ತಿಗೆ, ಬದಲಿ ನಟಿಗೆ ಏನು ಬೇಕು? ತಾಲೀಮು. ದಿನಕ್ಕೊಂದು ಬಟ್ಟಲು ಅಂದ್ರೆ ಒಂದು ತಾಲೀಮು. ಅದಕ್ಕೇ ಮೂರು ತಿಂಗಳು. ನಾವು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತು ತಾಲೀಮು ಕೊಟ್ರೆ ಒಂದೇ ತಿಂಗಳಲ್ಲಿ ಪಾತ್ರ ಕೈಗೆ ಬರುತ್ತೆ."

ಹೆಣದಕ್ಕನಿಗೂ ಇದು ಸರಿ ಎನಿಸಿತು. ಮೂವತ್ತು ವರ್ಷದಿಂದ ಅವಳು ಕಂಡದ್ದೂ ಹಾಗೇ. ಬೆಳಿಗ್ಗೆ ಬೇಯಿಸಿದ ಕಾಳು, ಮಧ್ಯಾಹ್ನ ಹುರಿದ ಕಾಳು, ಆಟಕ್ಕೆ ಮುಂಚೆ ದೊಡ್ಡ ಲೋಟದ ತುಂಬ ಸೋಯಾ ಹಾಲು. ಬಣ್ಣದ ಕೋಣೆಗೆ ಬಂದ ತಿನಿಸನ್ನು ಒಬ್ಬರೇ ತಿನ್ನುವ ಪದ್ಧತಿ ಆ ಕಂಪನಿಯಲ್ಲಿ ಇರಲಿಲ್ಲವಾದ್ದರಿಂದ, ಹುರಿದ ಕಾಳಿನ ಡಬ್ಬಿಗೆ ಎಲ್ಲರ ಕೈಯೂ ಬಂತು. ಇನ್ಸ್‌ಪೆಕ್ಟರ್ ಪಾತ್ರದವನಿಗೆ ತಲೆಯಲ್ಲಿ ಹೊಸ ಕೂದಲು ಬರುತ್ತದೆ ಎಂದು ನಾದಿನಿ ಹೇಳಿದಳು. ಡಾಕ್ಟರು ಹಾಗೆ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಆದರೂ ಅವನು ಮುಷ್ಟಿಗಟ್ಟಲೆ ಮುಕ್ಕಿದ.

ಝಳ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದು ತನ್ನ ಪಾಡಿಗೆ ತಾನು ಬರುತ್ತಿತ್ತು, ಹೋಗುತ್ತಿತ್ತು. ಬದಲಿ ನಟಿ ಇನ್ನೂ ಮಾತು ಬಾಯಿಪಾಠ ಮಾಡುತ್ತಿದ್ದಳೇನೋ. ಆದರೆ ಹೊಟ್ಟೆ ಅಷ್ಟು ದಿನ ಕಾಯಲಿಲ್ಲ.

ವಾರ ಕಳೆದಿರಬಹುದು. ಸ್ಟೇಜಿನ ಮೇಲೆ ಎಲ್ಲರೂ ಸೋಫಾದ ಸುತ್ತ ನಿಂತಿದ್ದರು. ಇನ್ಸ್‌ಪೆಕ್ಟರು ಕೈ ಮೇಲೆತ್ತಿ, "ಯಾರೂ ಅಲುಗಾಡಬೇಡಿ! ಎಲ್ಲರೂ ಮೌನವಾಗಿದ್ದರೆ ಸತ್ಯ ತಾನಾಗಿಯೇ ಹೊರಬರುತ್ತದೆ!" ಎಂದ. ಇಡೀ ಸಭೆ ಉಸಿರು ಬಿಗಿಹಿಡಿಯಿತು. ಆ ಮೌನದಲ್ಲಿ ಹೆಣದ ಹೊಟ್ಟೆಯಿಂದ ಗುಳು ಗುಳು ಎಂದು ಸಣ್ಣಗೆ ಶುರುವಾಗಿ, ಗುಡುಗುಡು ಎಂದು ಬೆಳೆದು, ಕೀಂಯ್ ಎಂದು ಮುಗಿಯಿತು. ಒಂದು ಕ್ಷಣ ಬಿಟ್ಟು ಸತ್ತವಳ ಅಣ್ಣನ ಮಗನ ಪಾತ್ರದವನ ಹೊಟ್ಟೆ ಅದಕ್ಕೆ ಉತ್ತರ ಕೊಟ್ಟಿತು.

ಸಭೆ ಬಿದ್ದು ಬಿದ್ದು ನಕ್ಕಿತು. ಹೆಣದಕ್ಕನಿಗೆ ಆ ಸೋಫಾ ಬಾಯ್ತೆರೆದು ತನ್ನನ್ನು ನುಂಗಬಾರದೇ ಎನಿಸಿತು. ಇನ್ಸ್‌ಪೆಕ್ಟರು ಮಾತ್ರ ಪಳಗಿದ ಆಸಾಮಿ. ಬರೆದುಕೊಟ್ಟ ಮಾತು ಮರೆತರೂ ಬಾಯಿಗೆ ಬಂದದ್ದನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದರಲ್ಲಿ ನಿಸ್ಸೀಮ. ಅವನು ನಿಧಾನವಾಗಿ ಬಗ್ಗಿ, ಹೆಣದ ಹೊಟ್ಟೆಗೆ ಕಿವಿಯಿಟ್ಟು, ಸಭೆಯ ಕಡೆ ತಿರುಗಿ, "ಸಾಕ್ಷಿ ನುಡಿಯುತ್ತಿದೆ!" ಎಂದ. ಸಿಳ್ಳೆಗಳು ಬಿದ್ದವು.

ಅವತ್ತೇ ತನ್ನ ಕಥೆ ಮುಗಿಯಿತು ಎಂದುಕೊಂಡು ಹೆಣದಕ್ಕ ತನ್ನ ಬಾಚಣಿಗೆ, ಪೌಡರ್ ಡಬ್ಬಿ ಎಲ್ಲ ಚೀಲಕ್ಕೆ ತುಂಬಿಕೊಂಡಿದ್ದಳು. ನಿರ್ದೇಶಕ ಬಂದವನೇ ಅವಳ ಚೀಲ ಕಿತ್ತು ಕೆಳಗಿಟ್ಟ. ಟಿಕೆಟ್ ಕಿಟಕಿಯ ಮುಂದೆ ನಾಳೆಯ ಆಟಕ್ಕೆ ಆಗಲೇ ಸಾಲು ನಿಂತಿತ್ತು.

ಮುಂದಿನ ದಿನಗಳಲ್ಲಿ ಆ ನಾಟಕಕ್ಕೆ ಕೊಲೆ ಒಂದು ನೆಪವಾಯಿತು. ಜನ ಬರುತ್ತಿದ್ದದ್ದು ಬೆವರುವ, ಗುಡುಗುವ ಹೆಣವನ್ನು ನೋಡಲು. ಇನ್ಸ್‌ಪೆಕ್ಟರು ಹೊಟ್ಟೆಗೆ ಪ್ರಶ್ನೆ ಕೇಳುತ್ತಿದ್ದ, ಹೊಟ್ಟೆ ಉತ್ತರ ಹೇಳುತ್ತಿತ್ತು, ಚಪ್ಪಾಳೆ ಅವನಿಗೆ ಹೋಗುತ್ತಿತ್ತು. ಹೊಟ್ಟೆ ಅವಳದು, ಬೆವರು ಅವಳದು, ಹೆಸರು ಅವನದು. ನಿರ್ದೇಶಕನಂತೂ ತಾನೇ ನಿಂತು ಅವಳಿಗೆ ಕಾಳು ತಿನ್ನಿಸುತ್ತಿದ್ದ, ಜೊತೆಗೆ ತಾನೂ ತಿನ್ನುತ್ತಿದ್ದ. ಅವನ ರಕ್ತದ ಕೊಬ್ಬು ಒಂಚೂರು ಇಳಿದದ್ದು ನಿಜ. ಅದಕ್ಕೆ ತನ್ನ ಶಿಸ್ತೇ ಕಾರಣ ಎಂದು ಅವನು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದ.

ಹೆಣದಕ್ಕನಿಗೆ ಇದರಿಂದ ಖುಷಿಯಾಗಲಿಲ್ಲ. ಒಂದು ಮಧ್ಯಾಹ್ನ ಅವಳು ಗಂಡನ ಹತ್ತಿರ, "ರೀ, ನಾನು ಅತ್ತರೆ ಸಭೆ ಅಳ್ತಿತ್ತು. ಈಗ ನನ್ನ ಕರುಳು ಕೂಗಿದ್ರೆ ನಗ್ತಾರೆ. ನಾನೆಲ್ಲಿದ್ದೀನಿ ಇದರಲ್ಲಿ?" ಎಂದಳು. ಗಂಡ ದೀಪದ ಗಾಜು ಒರೆಸುತ್ತಾ ಬಹಳ ಹೊತ್ತು ಯೋಚಿಸಿ, "ಸೋಫಾ ಮೇಲೆ" ಎಂದ. ಒಳ್ಳೆಯ ಮನುಷ್ಯ, ಆದರೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುವ ಜಾತಿ.

ಇಷ್ಟರಲ್ಲಿ ಯಾರೂ ಎಣಿಸದೇ ಇದ್ದದ್ದು ನಡೆಯಿತು. ಡಾಕ್ಟರಮ್ಮ ಹೇಳಿದ ಅವಧಿ ಮುಗಿಯುತ್ತ ಬಂದ ಹಾಗೆ ಝಳ ಅಪರೂಪವಾಯಿತು. ಬಂದರೂ ಕುತ್ತಿಗೆಯವರೆಗೆ ಬಂದು, ಕಿವಿ ಮುಟ್ಟದೆ ವಾಪಸು ಹೋಗುತ್ತಿತ್ತು. ಹೊಟ್ಟೆಯೂ ಕಾಳಿಗೆ ಒಗ್ಗಿಕೊಂಡು ತೆಪ್ಪಗಾಯಿತು. "ಸೋಯಾದಿಂದಲೇ ಅಂತ ಹೇಳಕ್ಕಾಗಲ್ಲ, ಝಳ ಕೆಲವರಿಗೆ ತಾನಾಗೇ ಕಡಿಮೆ ಆಗೋದೂ ಉಂಟು" ಎಂದು ಡಾಕ್ಟರಮ್ಮ ರಾಗ ಎಳೆದರು. "ನಾನು ಅವತ್ತೇ ಹೇಳಿರಲಿಲ್ವಾ?" ಎಂದು ನಾದಿನಿ ಇಡೀ ಬೀದಿಗೆ ಸಾರಿದಳು. ಯಾವುದರಿಂದಲಾದರೂ ಆಗಲಿ, ಹೆಣದಕ್ಕ ಒಣಗಿದಳು.

ಒಂದು ಸಂಜೆ ಅವಳು ಸತ್ತ ಹಾಗೆ ಯಾರೂ ಸತ್ತಿರಲಿಕ್ಕಿಲ್ಲ. ಹಣೆಯಲ್ಲಿ ಒಂದು ಹನಿಯಿಲ್ಲ, ಹೊಟ್ಟೆಯಲ್ಲಿ ಒಂದು ಸದ್ದಿಲ್ಲ. ಅವಳ ಮನಸ್ಸು ಕುಣಿಯುತ್ತಿತ್ತು. ಇನ್ಸ್‌ಪೆಕ್ಟರು ಹೊಟ್ಟೆಗೆ ಕಿವಿಯಿಟ್ಟ. ಏನೂ ಇಲ್ಲ. ಮತ್ತೆ ಇಟ್ಟ. ಬೆರಳಿನಿಂದ ತಟ್ಟಿಯೂ ನೋಡಿದ. ಸಭೆಯಲ್ಲಿ ಗುಸುಗುಸು ಎದ್ದಿತು. ಕೊನೆಗೆ ಹಿಂದಿನಿಂದ ಒಬ್ಬ ಎದ್ದು ನಿಂತು, "ಏನ್ರೀ, ಹೆಣಕ್ಕೆ ಇವತ್ತು ಹುಷಾರಿಲ್ವಾ?" ಎಂದು ಕೂಗಿದ. ಅರ್ಧ ಜನ ಅಂಕ ಮುಗಿಯುವ ಮುಂಚೆಯೇ ಎದ್ದು ಹೋದರು.

"ಅಕ್ಕ, ಇದು ಅನ್ಯಾಯ" ಎಂದ ನಿರ್ದೇಶಕ, ಬಣ್ಣದ ಕೋಣೆಗೆ ಬಂದು. "ಬೆವರು ಎಲ್ಲಿ? ಸದ್ದು ಎಲ್ಲಿ?"

"ಬೆವರಿದ್ರೆ ತೆಗೀತೀನಿ ಅಂದೋನು ನೀನೇ ಅಲ್ವೇನಪ್ಪ?"

"ಅದು ಆವಾಗ. ಈಗ ಜನ ಬರೋದೇ ಅದಕ್ಕೆ. ಶನಿವಾರದ ಆಟದಲ್ಲಿ ಸದ್ದು ಬರಲಿಲ್ಲ ಅಂದ್ರೆ, ಬಟ್ಟೆ ಹೆಣ ಮಲಗಿಸಿ ಅದರ ಹೊಟ್ಟೇಲಿ ಸ್ಪೀಕರ್ ಇಡ್ತೀನಿ."

"ಸದ್ದೇ ಬೇಕು ಅಂದ್ರೆ ಒಂದು ಮಾತು ಕೊಡು. ನನಗೆ ಬಾಯಿಲ್ವಾ?"

"ಸತ್ತವರಿಗೆ ಮಾತು ಬರೆಯೋಕೆ ನನಗೇನು ತಲೆ ಕೆಟ್ಟಿದೆಯಾ ಅಕ್ಕ?" ಎಂದು ಅವನು ಬಾಗಿಲು ಎಳೆದುಕೊಂಡು ಹೋದ.

ಶನಿವಾರದ ಹೊತ್ತಿಗೆ ಬಟ್ಟೆ ಹೆಣ ತಯಾರಾಗಿ, ಪಕ್ಕದ ಪರದೆಯ ಹಿಂದೆ ಒಂದು ಕುರ್ಚಿಯಲ್ಲಿ ಕೂತಿತ್ತು. ಹೊಲಿದವಳು ನಾದಿನಿಯೇ. "ಹೊಟ್ಟೆಪಾಡು ಅತ್ತಿಗೆ, ಇಲ್ಲ ಅನ್ನಕ್ಕಾಗಲಿಲ್ಲ" ಎಂದು ಕಣ್ಣೊರೆಸಿಕೊಂಡಳು. "ಆದ್ರೆ ಮೂಗು ಬೇಕೂಂತಲೇ ಸೊಟ್ಟಗೆ ಹೊಲ್ದಿದ್ದೀನಿ." ಅತ್ತಿಗೆಯ ಹೊಟ್ಟೆ ಕೂಗಲಿ ಎಂದು ಅವಳು ಅವತ್ತು ಒಂದು ಸೇರು ಹುರಿದ ಕಾಳು ತಿನ್ನಿಸಿದಳು. ಹೊಟ್ಟೆ ಅಷ್ಟನ್ನೂ ತಿಂದು ತೆಪ್ಪಗಿತ್ತು. ಮೂರು ತಿಂಗಳ ತಾಲೀಮು ಎಂದರೆ ಸುಮ್ಮನೆಯೇ?

ಪರದೆ ಎದ್ದಿತು. ಸಭೆ ಕಿಕ್ಕಿರಿದಿತ್ತು. ಇನ್ಸ್‌ಪೆಕ್ಟರು ಟೋಪಿ ತೆಗೆದ, ಬಗ್ಗಿದ, ಹೊಟ್ಟೆಗೆ ಕಿವಿಯಿಟ್ಟು, "ಹೇಳಮ್ಮಾ, ನಿನ್ನನ್ನು ಕೊಂದವರು ಯಾರು?" ಎಂದ. ಸದ್ದಿಲ್ಲ. "ಹೆದರಬೇಡ, ಹೇಳು!" ಎಂದ. ಸದ್ದಿಲ್ಲ. ಹೆಣದಕ್ಕ ಒಂದು ಕಣ್ಣನ್ನು ಎಳ್ಳಷ್ಟು ತೆರೆದಳು. ಪಕ್ಕದ ಪರದೆಯ ಮರೆಯಲ್ಲಿ ನಿರ್ದೇಶಕ ಬಟ್ಟೆ ಹೆಣದ ಕಂಕುಳಿಗೆ ಕೈ ಹಾಕಿ ಎತ್ತಲು ನೋಡುತ್ತಿದ್ದ. ಅವಳಿಗೆ ದುಃಖವಾಗಲಿಲ್ಲ, ಎಲ್ಲಿಲ್ಲದ ಸಿಟ್ಟು ಬಂತು. ಇನ್ಸ್‌ಪೆಕ್ಟರು ಮೂರನೇ ಸಲ ಬಗ್ಗುವಾಗ ಅವಳು ಎದ್ದು ಕೂತಳು.

"ಹೊಟ್ಟೇನ ಯಾಕೆ ಕೇಳ್ತೀಯಪ್ಪ? ನನ್ನನ್ನ ಕೇಳು."

ಮುಂದಿನ ಸಾಲಿನಲ್ಲಿ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು. ಇನ್ಸ್‌ಪೆಕ್ಟರು ತೊದಲುತ್ತ, "ಯಾ... ಯಾರು ಕೊಂದಿದ್ದು?" ಎಂದ.

ಇಲ್ಲೊಂದು ವಿಷಯ ಹೇಳಲೇಬೇಕು. ಹೆಣದಕ್ಕನಿಗೆ ಅದು ಗೊತ್ತಿರಲಿಲ್ಲ. ಕೊಲೆಗಾರ ಸಿಕ್ಕಿಬೀಳುವುದು ಮೂರನೇ ಅಂಕದಲ್ಲಿ. ಎರಡನೆಯದು ಮುಗಿದ ಕೂಡಲೇ ಅವಳು ಬಣ್ಣ ತೊಳೆದುಕೊಂಡು, ಬಸ್ ಹಿಡಿದು, ಅಡುಗೆ ಮಾಡಲು ಮನೆಗೆ ಹೋಗುತ್ತಿದ್ದಳು. ತಾಲೀಮಿಗೂ ಹೆಣವನ್ನು ಯಾರೂ ಮೂರನೇ ಅಂಕಕ್ಕೆ ಕರೆದಿರಲಿಲ್ಲ. ಇಷ್ಟು ವರ್ಷ ಸತ್ತರೂ ತನ್ನನ್ನು ಕೊಂದವರು ಯಾರೆಂದು ಅವಳು ಕೇಳಿಯೇ ಇರಲಿಲ್ಲ.

ಆದರೆ ಇಡೀ ಸಭೆ ತನ್ನ ಬಾಯಿಯನ್ನೇ ನೋಡುತ್ತಿದೆ. ಅವಳು ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕೈ ಚಾಚಿ ಇನ್ಸ್‌ಪೆಕ್ಟರನ್ನೇ ತೋರಿಸಿದಳು.

"ಇವನೇ."

ಚಪ್ಪಾಳೆ, ಸಿಳ್ಳೆ, ಕಾಲು ಬಡಿಯುವ ಸದ್ದು, ಎಲ್ಲ ಒಟ್ಟಿಗೆ ಎದ್ದವು. ಹುಟ್ಟಿದಾಗಿನಿಂದ ಮಾತಿಗೆ ತಡವರಿಸದ ಇನ್ಸ್‌ಪೆಕ್ಟರ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಅವನ ಹಣೆ ಬೆವರಿತು, ಅಂಟಿಸಿದ ಮೀಸೆಯ ಒಂದು ಕಡೆ ಕಳಚಿ ಜೋತುಬಿತ್ತು. ಗದ್ದಲ ಇಳಿದ ಮೇಲೆ ಮುಂದಿನ ಸಾಲಿನ ಅಜ್ಜಿಯೊಬ್ಬರು ತಡೆಯಲಾರದೆ, "ಯಾಕಮ್ಮಾ ಕೊಂದ ಪಾಪಿ?" ಎಂದು ಕೇಳಿಯೇಬಿಟ್ಟರು.

"ಅದು ದೊಡ್ಡ ಕಥೆ ತಾಯಿ" ಎಂದಳು ಹೆಣದಕ್ಕ. ಎಷ್ಟೋ ವರ್ಷದ ಮೇಲೆ ಅವಳ ದನಿ ಹಿಂದಿನ ಗೋಡೆಗೆ ತಾಗಿ ವಾಪಸು ಬಂತು. ಅವಳು ಇನ್ಸ್‌ಪೆಕ್ಟರ ಕಡೆ ತಿರುಗಿದಳು. "ನಿಂತ್ಕೊಂಡು ಏನು ನೋಡ್ತೀಯಾ? ಹೋಗಿ ಒಂದು ಕುರ್ಚಿ ತಗೊಂಡು ಬಾ. ಮಲಗಿ ಮಲಗಿ ಸೊಂಟ ಹಿಡ್ಕೊಂಡಿದೆ."

ಅವನು ಪಕ್ಕಕ್ಕೆ ಓಡಿದ. ಅಲ್ಲಿದ್ದ ಒಂದೇ ಕುರ್ಚಿಯಿಂದ ಬಟ್ಟೆ ಹೆಣವನ್ನು ಎತ್ತಿ ನಿರ್ದೇಶಕನ ಕೈಗೆ ಕೊಟ್ಟು, ಕುರ್ಚಿಯನ್ನು ತಂದು ಸ್ಟೇಜಿನ ನಟ್ಟನಡುವೆ ಇಟ್ಟ. ಹೆಣದಕ್ಕ ಅದರ ಮೇಲೆ ಕೂತು, ಸೆರಗು ಸರಿಮಾಡಿಕೊಂಡಳು. ಮುಂದೆ ಏನು ಹೇಳಬೇಕೆಂದು ಅವಳಿಗೆ ಎಳ್ಳಷ್ಟೂ ಗೊತ್ತಿರಲಿಲ್ಲ, ಹೆದರಿಕೆಯೂ ಇರಲಿಲ್ಲ.

"ಹಿಂದಿನ ಸಾಲಿನವರಿಗೆ ಕೇಳಿಸ್ತಿದೆಯೇನಪ್ಪಾ?" ಎಂದಳು.

"ಕೇಳಿಸ್ತಿದೆ, ಹೇಳಮ್ಮಾ" ಎಂದರು ಅವರು.